ಹೆಸರು ಬಿಡಿ, ನೆಕ್ ನೋಡಿ: ಹಳೇ ಜಪಾನ್ ಗಿಟಾರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. 70-80ರ ದಶಕದಲ್ಲಿ ಜಪಾನಲ್ಲಿ ಮಾಡಿದ ಎಲೆಕ್ಟ್ರಿಕ್ ಗಿಟಾರ್ ಈಗ ತಗೋಬಹುದಾ, ತಗೊಂಡ್ರೆ ಏನ್ ನೋಡ್ಬೇಕು ಅಂತ. ನಂಗೂ ಬಹಳ ಇಷ್ಟದ ವಿಷಯ, ಹಾಗಾಗಿ ಇಡೀ ಅಂಕಣ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಸಾರ್, ಒಬ್ರು ಲೆಸ್ ಪಾಲ್ ಥರದ ಹಳೇ ಜಪಾನ್ ಗಿಟಾರ್ ಮಾರ್ತಿದಾರೆ. "ಇದು ಲಾಸೂಟ್ ಗಿಟಾರ್, ಗಿಬ್ಸನ್‌ನೋರು ಕೋರ್ಟಿಗೆ ಹೋಗಿದ್ದೇ ಇದಕ್ಕೆ" ಅಂತ ಹೇಳಿ, ಅದೇ ಕಾಲದ ಬೇರೆ ಗಿಟಾರಿಗಿಂತ ಎರಡರಷ್ಟು ಕೇಳ್ತಿದಾರೆ. ಹೆಡ್‌ಸ್ಟಾಕ್ (ನೆಕ್ಕಿನ ತುದಿ, ತಂತಿ ಬಿಗಿಯೋ ಕಿವಿ ಇರೋ ಜಾಗ) ಮೇಲಿರೋ ಹೆಸರು ನಾನು ಯಾವತ್ತೂ ಕೇಳಿಲ್ಲ. ನೆಕ್ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದು. ತಗೊಳ್ಲಾ?

ಉತ್ತರ: "ಲಾಸೂಟ್", ಅಂದ್ರೆ ಕೋರ್ಟ್ ದಾವೆ, ಅನ್ನೋ ಒಂದು ಪದಕ್ಕೆ ದುಡ್ಡು ಕೊಡ್ಬೇಡಿ. ನಡೆದದ್ದು ಇಷ್ಟು: ಲೆಸ್ ಪಾಲ್ ಮಾಡೋ ಅಮೆರಿಕಾದ ಗಿಬ್ಸನ್ ಕಂಪನಿ ಆಗ ನಾರ್ಲಿನ್ ಅನ್ನೋರ ಕೈಲಿತ್ತು, ಅವರು 1977ರಲ್ಲಿ ಅಮೆರಿಕಾದಲ್ಲಿ ಐಬನೇಜ್ ಅನ್ನೋ ಜಪಾನ್ ಗಿಟಾರ್ ಮಾರ್ತಿದ್ದ ಎಲ್ಗರ್ ಅನ್ನೋ ಕಂಪನಿ ಮೇಲೆ ಫಿಲಡೆಲ್ಫಿಯಾದ ಫೆಡರಲ್ ಕೋರ್ಟಲ್ಲಿ ದಾವೆ ಹಾಕಿದ್ರು, ಜಗಳ ಮುಖ್ಯವಾಗಿ ಹೆಡ್‌ಸ್ಟಾಕಿನ ತುದಿಯ ಆಕಾರದ್ದು, ತೆರೆದಿಟ್ಟ ಪುಸ್ತಕದ ಥರ ಕಾಣುತ್ತಲ್ಲ ಅದು. ಐಬನೇಜ್‌ನೋರು ಅಷ್ಟರಲ್ಲಾಗಲೇ ಆ ಆಕಾರ ಬಿಟ್ಟು ಬೇರೆ ಮಾಡೋಕೆ ಶುರು ಮಾಡಿದ್ರು, 1978ರಲ್ಲಿ ತೀರ್ಪಿನವರೆಗೂ ಹೋಗದೆ ರಾಜಿ ಆಯ್ತು. ಕೇಸು ಇದ್ದಿದ್ದು ಐಬನೇಜ್ ಮಾರ್ತಿದ್ದ ಆ ಒಂದು ಕಂಪನಿ ಮೇಲೆ. ಇವತ್ತು ಮಾರೋರು ಆ ಕಾಲದ ಎಲ್ಲಾ ಜಪಾನ್ ಕಾಪಿಗಳಿಗೂ ಅದೇ ಪದ ಅಂಟಿಸ್ತಾರೆ.

ಕಾಪಿ ಅಂದ ತಕ್ಷಣ ಕೀಳು ಅಂತಲ್ಲ, ಇದನ್ನ ಒತ್ತಿ ಹೇಳ್ತೀನಿ. ಆದ್ರೆ ಕಾಪಿಗಳಲ್ಲೇ ಆಕಾಶ-ಭೂಮಿ ಅಷ್ಟು ವ್ಯತ್ಯಾಸ ಇದೆ. 70ರ ದಶಕದ ಮೊದಲ ಭಾಗದಲ್ಲಿ ಬಂದ ಲೆಸ್ ಪಾಲ್ ಕಾಪಿಗಳಲ್ಲಿ ಬಹಳಷ್ಟಕ್ಕೆ ನೆಕ್ ಸ್ಕ್ರೂದು, ಬಾಡಿ ಪದರ ಪದರ ಅಂಟಿಸಿದ್ದು, ಕೆಲವದರಲ್ಲಿ ಮೇಲಿನ ಉಬ್ಬು ಹಲಗೆ ಕೆಳಗೆ ಟೊಳ್ಳು. ಬೆರಳ ಗೆಣ್ಣಿಂದ ಬಾಡಿ ಮಧ್ಯೆ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳಿದ್ರೆ ಖಾಲಿ ಡಬ್ಬ ತಟ್ಟಿದ ಹಾಗೆ ಕೇಳುತ್ತೆ. ಆ ದಶಕದ ಕೊನೆ ಹೊತ್ತಿಗೆ ಗ್ರೆಕೊ, ಟೊಕಾಯ್, ಬರ್ನಿ ಹೆಸರಲ್ಲಿ ಬಂದವು ಬೇರೆ ಮಟ್ಟದ್ದು, ನೆಕ್ಕನ್ನ ಬಾಡಿಗೆ ಅಂಟಿಸಿ ಕೂರಿಸಿರ್ತಾರೆ, ಬಾಡಿ ಗಟ್ಟಿ ಮರದ್ದು. ಟೊಕಾಯ್ ಹಮಾಮಾತ್ಸು ಊರಿನ ಕಂಪನಿ, 1978ರಲ್ಲಿ ಅವರು ತಂದ ಲೆಸ್ ಪಾಲ್ ಮಾದರಿ ಹಿಡ್ಕೊಂಡೋರು ಸುಲಭಕ್ಕೆ ಕೈ ಬಿಡಲ್ಲ.

ಇನ್ನೊಂದು ಉಪಯೋಗದ ವಿಷಯ, ಆ ಕಾಲದ ಜಪಾನ್ ಮಾಡೆಲ್ ನಂಬರಲ್ಲಿ ಎಷ್ಟೋ ಸಲ ಬೆಲೆನೇ ಇರುತ್ತೆ. ಗ್ರೆಕೊ ಇಜಿ-500 ಅಂದ್ರೆ ಆಗ 50,000 ಯೆನ್, ಟೊಕಾಯ್ ಎಲ್‌ಎಸ್-80 ಅಂದ್ರೆ 80,000 ಯೆನ್, ಫೆಂಡರ್ ಜಪಾನಿನ ಎಸ್‌ಟಿ62-115 ಅಂದ್ರೆ 1,15,000 ಯೆನ್. ಮಾರೋರು "ಟಾಪ್ ಮಾಡೆಲ್" ಅಂದ್ರೆ ನಂಬರ್ ಕೇಳಿ, ಅದು ಆಗ ಯಾವ ದರ್ಜೆದು ಅಂತ ನಿಮಗೇ ಗೊತ್ತಾಗುತ್ತೆ.

ನಿಮ್ಮ ಗಿಟಾರ್ ವಿಷಯಕ್ಕೆ ಬಂದ್ರೆ, ಹೆಸರು ಗೊತ್ತಿಲ್ಲದಿರೋದು ದೊಡ್ಡ ಸಮಸ್ಯೆ ಅಲ್ಲ. ಮಾತ್ಸುಮೊಟೊ ಊರಿನ ಮಾತ್ಸುಮೊಕು ಕಾರ್ಖಾನೆ ಒಂದರಿಂದಲೇ ಆರಿಯಾ ಪ್ರೊ 2, ವೆಸ್ಟೋನ್, ಎಲೆಕ್ಟ್ರಾ, ವ್ಯಾಂಟೇಜ್, ಎಪಿಫೋನ್ ಅಂತ ಹತ್ತಾರು ಹೆಸರಲ್ಲಿ ಗಿಟಾರ್ ಹೊರಗೆ ಹೋಗ್ತಿತ್ತು. ಮೊದ್ಲು ಅವರು ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡ್ತಿದ್ದೋರು, ಮರದ ಕೆಲಸದ ಆ ಕೈ ಗಿಟಾರಲ್ಲೂ ಕಾಣುತ್ತೆ. 1987ರಲ್ಲಿ ಮುಚ್ಚಿ ಹೋಯ್ತು, ನೆನೆದ್ರೆ ಇವತ್ತಿಗೂ ಬೇಜಾರಾಗುತ್ತೆ. ಸ್ಕ್ರೂ ನೆಕ್ಕಿನ ಕಾಪಿಗೆ ಅದರ ದರ್ಜೆಯ ಬೆಲೆ ಕೊಟ್ಟು ತಗೊಳ್ಳಿ, ಕೋರ್ಟಿನ ಕಥೆ ಹೇಳಿ ಎರಡರಷ್ಟು ಕೇಳಿದ್ರೆ ಬಿಟ್ಟು ಬನ್ನಿ.

ಪ್ರಶ್ನೆ: ಸೀರಿಯಲ್ ನಂಬರ್ ನೋಡಿ ವರ್ಷ ಹೇಳೋದು ಹೇಗೆ? ನಾನು ನೋಡಿರೋ ಒಂದರ ಮೇಲೆ ನಂಬರೇ ಇಲ್ಲ, ಹಿಂದಿನ ತಗಡಿನ ಮೇಲೆ "ಸ್ಟೀಲ್ ಅಡ್ಜಸ್ಟಬಲ್ ನೆಕ್, ಮೇಡ್ ಇನ್ ಜಪಾನ್" ಅಂತ ಮಾತ್ರ ಇದೆ.

ಉತ್ತರ: ನಂಬರ್ ಇಲ್ಲದೇ ಇರೋದು ಆ ಕಾಲಕ್ಕೆ ಸಾಮಾನ್ಯ, ಗಾಬರಿ ಬೇಡ. ಆದ್ರೆ ಆ ತಗಡು ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೈಗೆ ಬರುತ್ತೆ, ಯಾವ ಗಿಟಾರಿಗೆ ಬೇಕಾದ್ರೂ ಹಾಕ್ಬಹುದು, ಅದೊಂದನ್ನೇ ನಂಬ್ಬೇಡಿ.

ಐಬನೇಜ್ ಆದ್ರೆ ಸುಲಭ. 1975ರಿಂದ ಒಂದು ಅಕ್ಷರ ಮತ್ತೆ ಆರು ಅಂಕಿ, ಅಕ್ಷರ ತಿಂಗಳದ್ದು, ಮೊದಲೆರಡು ಅಂಕಿ ವರ್ಷದ್ದು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್. ಹಾಗಾಗಿ ಎಚ್78 ಅಂತ ಶುರುವಾದ್ರೆ ಆಗಸ್ಟ್ 1978. ಒಂದು ಕಡೆ ಎಡವ್ತಾರೆ: 1987ರಿಂದ ಎಫ್ ಅಕ್ಷರ ಫುಜಿಗೆನ್ ಕಾರ್ಖಾನೆದು ಆಯ್ತು, ಅದರ ಪಕ್ಕದ ಒಂದೇ ಅಂಕಿ ವರ್ಷದ್ದು. ಹಾಗಾಗಿ ಎಫ್86 ಅಂತ ಇದ್ರೆ ಅದು ಜೂನ್ 1986ರದೂ ಆಗ್ಬಹುದು, 1988ರದೂ ಆಗ್ಬಹುದು, ಮಾಡೆಲ್ ನೋಡಿಯೇ ತೀರ್ಮಾನ ಮಾಡ್ಬೇಕು. ಫೆಂಡರ್ ಜಪಾನ್ ಶುರುವಾಗಿದ್ದು 1982ರಲ್ಲಿ, ಜೆವಿ ಅಂತ ಶುರುವಾಗೋ ನಂಬರ್ 1982ರಿಂದ 84ರದ್ದು, ಅದಕ್ಕೇ ಈಗ ಅಷ್ಟು ಬೇಡಿಕೆ. "ಕ್ರಾಫ್ಟೆಡ್ ಇನ್ ಜಪಾನ್" ಅಂತ ಬರೆದಿದ್ರೆ 90ರ ದಶಕದ ಕೊನೇದು ಅಥವಾ ಆಮೇಲಿಂದು, ಅದನ್ನ 80ರದ್ದು ಅಂತ ಮಾರೋರಿದ್ದಾರೆ, ಹುಷಾರು.

ಬಿಚ್ಚೋಕೆ ಬಿಟ್ರೆ ಪಿಕಪ್ (ತಂತಿ ಕೆಳಗಿರೋ, ದನಿ ಹಿಡಿಯೋ ಅಯಸ್ಕಾಂತದ ಸುರುಳಿ) ಎತ್ತಿ ಬೆನ್ನು ನೋಡಿ. ಆ ಕಾಲದ ಗ್ರೆಕೊ, ಐಬನೇಜ್ ಗಿಟಾರುಗಳಲ್ಲಿ ಎಷ್ಟೋ ಕಡೆ ಮ್ಯಾಕ್ಸನ್ ಕಂಪನಿಯ ಪಿಕಪ್ ಇರುತ್ತೆ, ಬೆನ್ನಲ್ಲಿ ಅಂಕಿ ಒತ್ತಿರ್ತಾರೆ. ಆ ಪಿಕಪ್ ಕೂತಲ್ಲೇ ಇದ್ದು, ವೈರಿನ ಬೆಸುಗೆ ಮೇಲೆ ಮತ್ತೆ ಬೆಸುಗೆ ಬಿದ್ದ ಗುರುತು ಇಲ್ಲ ಅಂದ್ರೆ ಒಳಗಿನದು ಮೂಲದ್ದೇ ಅಂತ ಧೈರ್ಯ ಬರುತ್ತೆ.

ಪ್ರಶ್ನೆ: ಅಣ್ಣ, ನಾನು ಜಪಾನಿಂದ ಆನ್‌ಲೈನಲ್ಲಿ ತರಿಸ್ಬೇಕು ಅಂತಿದೀನಿ. ಕೈಲಿ ಹಿಡಿದು ನೋಡೋಕಾಗಲ್ಲ, ಫೋಟೋ ಮಾತ್ರ. ಏನ್ ಕೇಳ್ಲಿ?

ಉತ್ತರ: ನೆಕ್ ಬಗ್ಗೆ ಕೇಳಿ ತಮ್ಮ, ಆಮೇಲೂ ನೆಕ್ ಬಗ್ಗೆನೇ ಕೇಳು. ಬಣ್ಣ ಸುಲಿದಿದ್ರೆ ನುಡಿಸ್ಬಹುದು, ಪಿಕಪ್ ಸತ್ತಿದ್ರೆ ಹೊಸದಾಗಿ ಸುತ್ತಿಸ್ಬಹುದು, ನೆಕ್ ಕೆಟ್ಟಿದ್ರೆ ಎಲ್ಲಾ ಮುಗೀತು.

ನನಗಾಗಿದ್ದು ಹೇಳ್ತೀನಿ. ಕೆಲವು ವರ್ಷದ ಹಿಂದೆ ಫೋಟೋ ನೋಡಿ ಒಂದು ತರಿಸ್ದೆ, 70ರ ದಶಕದ ಕೊನೇದು, ಸನ್‌ಬರ್ಸ್ಟ್ ಬಣ್ಣ ಕನ್ನಡಿ ಥರ ಹೊಳೀತಿತ್ತು, ಒಂದು ಗೀರಿಲ್ಲ. ಹೊಸ ತಂತಿ ಹಾಕಿ ಶ್ರುತಿಗೆ ತಂದೆ, 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ರ ತಂತಿ ಬೆರಳು ತೂರೋ ಅಷ್ಟು ಎತ್ತರಕ್ಕೆ ಎದ್ದು ನಿಂತ್ಕೊಳ್ತು. ಟ್ರಸ್ ರಾಡ್, ಅಂದ್ರೆ ನೆಕ್ ಒಳಗೆ ಬಾಗು ಸರಿ ಮಾಡೋಕಿರೋ ಸರಳು, ಬಿಗಿ ಮಾಡೋಣ ಅಂತ ಹೆಡ್‌ಸ್ಟಾಕಿನ ಮುಚ್ಚಳ ತೆಗೆದ್ರೆ ನಟ್ ಕೆಳಗೆ ಯಾರೋ ಆಗಲೇ ಎರಡು ವಾಷರ್ ಹಾಕಿದ್ರು, ಅಂದ್ರೆ ತಿರುಗೋಕೆ ಎಳೆಯೇ ಉಳಿದಿರಲಿಲ್ಲ. ಮಾರಿದೋರಿಗೆ ಬರೆದೆ, ಉತ್ತರ ಬರ್ಲಿಲ್ಲ. ಫಿಂಗರ್‌ಬೋರ್ಡ್ (ನೆಕ್ ಮೇಲೆ ಬೆರಳಿಡೋ ಹಲಗೆ) ಬಿಸಿ ಮಾಡಿ ಎಬ್ಬಿಸಿ ರಾಡ್ ಬದಲಾಯಿಸೋಕೆ ಆದ ಖರ್ಚು ಗಿಟಾರಿನ ಬೆಲೆಗೆ ಹತ್ತತ್ರ ಬಂತು. ಮುಚ್ಚಳ ತೆಗೆದು ಒಂದು ಫೋಟೋ ಕಳಿಸಿ ಅಂತ ಮೊದಲೇ ಕೇಳಿದ್ರೆ ಸಾಕಿತ್ತು.

ಅದಕ್ಕೇ ನೀನು ಕೇಳ್ಬೇಕಾದ್ದು, ಮುಚ್ಚಳ ತೆಗೆದ ಫೋಟೋ, ಸಾಧ್ಯ ಆದ್ರೆ ಕಾಲು ಸುತ್ತು ತಿರುಗಿಸಿ ಕಾಣಿಸೋ ವಿಡಿಯೋ. ಆಮೇಲೆ ತಂತಿ ಶ್ರುತಿಯಲ್ಲಿದ್ದಾಗ ಬಾಡಿ ಕಡೆಯಿಂದ ನೆಕ್ಕಿನ ಅಂಚನ್ನೇ ಗುರಿ ಇಟ್ಟು ತೆಗೆದ ಫೋಟೋ, ದಪ್ಪ ತಂತಿ ಕಡೆದೊಂದು, ಸಣ್ಣ ತಂತಿ ಕಡೆದೊಂದು. ಎರಡೂ ಒಂದೇ ಥರ ಬಾಗಿದ್ರೆ ರಾಡಿಂದ ಸರಿ ಮಾಡ್ಬಹುದು, ಒಂದು ಕಡೆ ನೇರ ಇನ್ನೊಂದು ಕಡೆ ಬಾಗು ಅಂದ್ರೆ ನೆಕ್ ತಿರುಚಿದೆ, ಬಿಟ್ಬಿಡು. ಮಾರೋರು ಸಹಾಯ ಮಾಡೋ ಮನುಷ್ಯರಾದ್ರೆ ಇನ್ನೊಂದು ಹೇಳು: ದಪ್ಪ ತಂತಿನ ಮೊದಲ ಫ್ರೆಟ್ಟಲ್ಲೂ ನೆಕ್ ಬಾಡಿ ಸೇರೋ ಫ್ರೆಟ್ಟಲ್ಲೂ ಒಟ್ಟಿಗೆ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ರ ಸಂದು ನೋಡೋದು. ವಿಸಿಟಿಂಗ್ ಕಾರ್ಡಿನ ದಪ್ಪ, ಅಂದ್ರೆ 0.2ರಿಂದ 0.3 ಮಿಲಿಮೀಟರ್ ಇದ್ರೆ ಚೆನ್ನಾಗಿದೆ. ಸಂದೇ ಇಲ್ಲ, ತಂತಿ ಮಧ್ಯದ ಫ್ರೆಟ್ಟಿಗೆ ತಾಗ್ತಿದೆ ಅಂದ್ರೆ ನೆಕ್ ಹಿಂದಕ್ಕೆ ಬಾಗಿರ್ಬಹುದು. ರಾಡ್ ಸಡಿಲ ಮಾಡಿದ್ರೆ ಸರಿಹೋಗುತ್ತಾ ಕೇಳು, ಪೂರ್ತಿ ಸಡಿಲ ಇದ್ದೂ ಹಾಗೇ ಇದ್ರೆ ಬೇಡ.

ಮಹಾಗನಿ ನೆಕ್ ಇದ್ರೆ ಹೆಡ್‌ಸ್ಟಾಕ್ ಶುರುವಾಗೋ ಜಾಗದ ಹಿಂಭಾಗ ಹತ್ತಿರದಿಂದ ತೆಗೆಸು. ಕೂದಲೆಳೆ ಗೆರೆ ಅಡ್ಡಡ್ಡ ಹೋಗಿದ್ರೆ ಅಲ್ಲಿ ಮುರಿದು ಅಂಟಿಸಿರ್ಬಹುದು. ಚೆನ್ನಾಗಿ ಅಂಟಿಸಿದ್ದು ಗಟ್ಟಿ ಇರುತ್ತೆ, ನಾನು ಅಂಥದ್ದನ್ನ ಖುಷಿಯಾಗಿ ನುಡಿಸಿದೀನಿ, ಆದ್ರೆ ಬೆಲೆ ಬಹಳ ಕಡಿಮೆ ಆಗ್ಬೇಕು.

ಪ್ರಶ್ನೆ: 60ರ ದಶಕದ ಟೆಸ್ಕೊ ಗಿಟಾರ್ ಒಂದು ಸಿಕ್ತಿದೆ, ನೋಡೋಕೆ ತುಂಬಾ ಚಂದ, ನಾಲ್ಕು ಪಿಕಪ್, ಸಾಲಾಗಿ ಸ್ವಿಚ್ಚು. ಈಗಷ್ಟೇ ಕಲೀತಿದೀನಿ. ಆಗ್ಬಹುದಾ?

ಉತ್ತರ: ಕಲಿಯೋಕೆ ಬೇಡ. ಆ ಕಾಲದ ಎಷ್ಟೋ ಗಿಟಾರುಗಳ ನೆಕ್ಕಲ್ಲಿ ಸರಿ ಮಾಡೋಕೆ ಬರೋ ರಾಡೇ ಇಲ್ಲ, ಬಾಗಿದ್ರೆ ಬಾಗಿದ ಹಾಗೇ. ದನಿಗೆ ತನ್ನದೇ ಒಂದು ಸೊಗಸಿದೆ, ಮುಂದೆ ಎರಡನೇ ಗಿಟಾರಾಗಿ ತಗೊಳ್ಳಿ. ಮೊದಲನೇದಕ್ಕೆ ಕಾಪಿನೂ ಬೇಡ, ಜಪಾನಿನೋರು ತಾವೇ ಯೋಚಿಸಿ ಮಾಡಿದ್ದು ಹುಡುಕಿ. ಐಬನೇಜ್ ಆರ್ಟಿಸ್ಟ್, ವೆಸ್ಟೋನ್ ಥಂಡರ್, ಆರಿಯಾದ ಪಿಇ ಸರಣಿ, ಕೈಲಾದ್ರೆ 1976ರಲ್ಲಿ ಬಂದ ಯಮಾಹಾ ಎಸ್‌ಜಿ-2000. ಯಮಾಹಾದ ಆ ಗಿಟಾರಲ್ಲಿ ನೆಕ್ಕಿನ ಮರ ಬಾಡಿ ಕೊನೆವರೆಗೂ ಒಂದೇ ಸಮ ಹೋಗುತ್ತೆ, ಬ್ರಿಡ್ಜ್ ಕೆಳಗೆ ಹಿತ್ತಾಳೆ ತಗಡು ಹುದುಗಿಸಿದಾರೆ, ಒಂದು ಸ್ವರ ಹಿಡಿದ್ರೆ ನಿಂತೇ ಇರುತ್ತೆ. ಭಾರ ಮಾತ್ರ ಜಾಸ್ತಿ, ಅಗಲದ ಪಟ್ಟಿ ಹಾಕ್ಕೊಳ್ಳಿ.

ಪ್ರಶ್ನೆ: ನನ್ನ ಹತ್ರ ಇರೋ ಗ್ರೆಕೊದಲ್ಲಿ ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಒಂದು ಪಿಕಪ್ ಸದ್ದೇ ಇಲ್ಲ. ಒಳಗಿನದೆಲ್ಲಾ ತೆಗೆಸಿ ಅಮೆರಿಕಾದ್ದು ಹಾಕಿಸ್ಲಾ?

ಉತ್ತರ: ದಯವಿಟ್ಟು ತಡೀರಿ. ಕರಕರಕ್ಕೆ ಪಾಟಿನ (ವಾಲ್ಯೂಮ್ ಗುಬ್ಬಿ ಕೆಳಗಿರೋ ಭಾಗ) ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ, ಹೆಚ್ಚಿನ ಸಲ ಅಲ್ಲಿಗೇ ಹೋಗುತ್ತೆ. ಸತ್ತ ಪಿಕಪ್ಪಿಗೆ ಮೊದ್ಲು ಸ್ವಿಚ್ ಕ್ಲೀನ್ ಮಾಡಿ, ಆಮೇಲೂ ಬರ್ಲಿಲ್ಲ ಅಂದ್ರೆ ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ಲಿನ ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮಲ್ಟಿಮೀಟರ್ ಹಿಡೀರಿ. ಹಂಬಕರ್ (ಎರಡು ಸುರುಳಿಯ ಪಿಕಪ್) ಆದ್ರೆ ಸಾಮಾನ್ಯವಾಗಿ 7ರಿಂದ 9 ಕಿಲೋಓಮ್ ಹತ್ರ ಬರುತ್ತೆ. ನೂರಾರು ಕಿಲೋಓಮ್ ತೋರಿಸಿದ್ರೆ ಎಲ್ಲೋ ವೈರ್ ಕಡಿದಿದೆ, ಎಷ್ಟೋ ಸಲ ಬರೀ ಬೆಸುಗೆ ಬಿಟ್ಟಿರುತ್ತೆ.

ಅಮೆರಿಕಾದ ಪಾರ್ಟ್ಸ್ ನೇರವಾಗಿ ಕೂರಲ್ಲ ಅನ್ನೋದೂ ಇದೆ. ಜಪಾನಿನ ಅಳತೆ ಮೆಟ್ರಿಕ್, ಅಮೆರಿಕಾದ ದೊಡ್ಡ ಪಾಟಿಗೆ ಹತ್ತತ್ರ 9.5 ಮಿಲಿಮೀಟರ್ ತೂತು ಬೇಕು, ನಿಮ್ಮ ಗಿಟಾರಿನ ತೂತು ಅದಕ್ಕಿಂತ ಸಣ್ಣದು. ಒಂದು ಸಲ ಡ್ರಿಲ್ ಹಾಕಿದ್ರೆ ಮರ ವಾಪಸ್ ಬರಲ್ಲ. ಹಳೇ ಮ್ಯಾಕ್ಸನ್ ಪಿಕಪ್ ಇದ್ರಂತೂ ಬದಲಾಯಿಸೋದು ಬೇಡವೇ ಬೇಡ, ಅದನ್ನೇ ಹುಡುಕೋರಿದ್ದಾರೆ. ಬದಲಾಯಿಸ್ಲೇಬೇಕು ಅಂದ್ರೆ ತೆಗೆದ ಒಂದೊಂದು ಸ್ಕ್ರೂನೂ ಡಬ್ಬಿಲಿ ಹಾಕಿ ಗಿಟಾರ್ ಜೊತೆಗೇ ಇಡಿ.

ಪ್ರಶ್ನೆ: ರೋಸ್‌ವುಡ್ ಫಿಂಗರ್‌ಬೋರ್ಡ್ ಇರೋ ಗಿಟಾರ್ ದೇಶ ದಾಟಿಸಿದ್ರೆ ಹಿಡ್ಕೊತಾರಂತೆ, ನಿಜಾನಾ?

ಉತ್ತರ: 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಮರಗಳೆಲ್ಲಾ ಸೈಟಿಸ್ ಅನ್ನೋ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿ ಕಾಗದ-ಪತ್ರದ ತಲೆನೋವು ಶುರುವಾಗಿತ್ತು. 2019ರ ನವೆಂಬರ್ ಕೊನೆಯಿಂದ ಆ ಪಟ್ಟಿಯ ಮರದಲ್ಲಿ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಬಂತು. ಬ್ರೆಜಿಲ್ ರೋಸ್‌ವುಡ್ ಮಾತ್ರ 1992ರಿಂದ ಮೊದಲನೇ ಪಟ್ಟಿಯಲ್ಲಿದೆ, ಅದಕ್ಕೆ ವಿನಾಯಿತಿ ಇಲ್ಲ. ಮಾರೋರು ಹೆಮ್ಮೆಗೆ "ಬ್ರೆಜಿಲ್ ರೋಸ್‌ವುಡ್" ಅಂತ ಬರೆದಿದ್ರೆ ಪರವಾನಗಿ ಇದ್ಯಾ ಅಂತ ಮೊದ್ಲೇ ಕೇಳಿ. ಪ್ಯಾಕ್ ಮಾಡುವಾಗ ತಂತಿ ಸ್ವಲ್ಪ ಸಡಿಲ ಮಾಡಿ, ಹೆಡ್‌ಸ್ಟಾಕ್ ಕೆಳಗೂ ಪಕ್ಕಕ್ಕೂ ಕಾಗದ ತುರುಕಿ, ಕೇಸ್ ಒಳಗೆ ಗಿಟಾರ್ ಅಲ್ಲಾಡದ ಹಾಗೆ ಕಳಿಸೋಕೆ ಹೇಳಿ. ದಾರೀಲಿ ಪೆಟ್ಟಿಗೆ ಬಿದ್ರೆ ಮೊದಲು ಮುರಿಯೋದು ಆ ಕುತ್ತಿಗೆನೇ.