ಆ ಉಪನ್ಯಾಸ ನಿಮಗಾಗಿಯೇ ಇತ್ತು

ತುಮಕೂರಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ನಾನು ಬಿ.ಕಾಂ. ಓದಿದವನು. ಹಾರ್ಡ್‌ವೇರ್ ಅಂಗಡಿ ಇದೆ. ಕಪ್ಪುಕುಳಿಗಳ ಬಗ್ಗೆ ಪ್ರೊಫೆಸರ್ ಒಬ್ಬರ ಸಂಜೆ ಉಪನ್ಯಾಸ, ಪ್ರವೇಶ ಉಚಿತ ಅಂತ ಪೇಪರಿನಲ್ಲಿ ನೋಡಿ ಹೋದೆ. ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಅರ್ಧ ಅರ್ಥವಾಯಿತು. ಬೆಳಕೇ ಹೊರಗೆ ಬರೋದಿಲ್ಲ ಅಂದಮೇಲೆ ಅದು ಅಲ್ಲಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಬೇಕಿತ್ತು. ಧೈರ್ಯ ಬರಲಿಲ್ಲ, ಸುಮ್ನೆ ಎದ್ದು ಬಂದೆ. ಇದೆಲ್ಲ ನಮ್ಮಂಥವರಿಗಲ್ಲ, ಅಲ್ವಾ?”

ಖಂಡಿತ ನಿಮ್ಮಂಥವರಿಗೇ. ಮೊದಲು ನಿಮ್ಮ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅಂದು ಆ ಹಾಲ್‌ನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೇ. ನಮ್ಮ ಆಕಾಶಗಂಗೆಯ ನಟ್ಟನಡುವೆ, ಕಣ್ಣಿಗೆ ಕಾಣದ ಏನೋ ಒಂದರ ಸುತ್ತ ನಕ್ಷತ್ರಗಳು ಸುತ್ತುತ್ತಿವೆ. ಅವುಗಳಲ್ಲಿ ಒಂದು ಸುಮಾರು 16 ವರ್ಷಕ್ಕೊಂದು ಸುತ್ತು ಮುಗಿಸುತ್ತದೆ. ಎರಡು ತಂಡಗಳು ವರ್ಷಗಟ್ಟಲೆ ದೂರದರ್ಶಕ ಹಿಡಿದು ಆ ನಕ್ಷತ್ರಗಳ ಬೆನ್ನು ಬಿದ್ದವು. ಅಷ್ಟು ಜೋರಾಗಿ ಅವನ್ನು ಸುತ್ತಿಸಬೇಕಾದರೆ ನಡುವೆ ಎಷ್ಟು ಭಾರ ಇರಬೇಕು ಅಂತ ಲೆಕ್ಕ ಹಾಕಿದವು. ಸೂರ್ಯನ ಸುಮಾರು 40 ಲಕ್ಷ ಪಟ್ಟು! ಅಷ್ಟು ಭಾರ ಅಷ್ಟು ಚಿಕ್ಕ ಜಾಗದಲ್ಲಿ, ಬೆಳಕಿಲ್ಲದೆ ಅಡಗಿದೆ ಅಂದರೆ ಅದು ಕಪ್ಪುಕುಳಿಯೇ ಇರಬೇಕು. ಈ ಕೆಲಸಕ್ಕೆ ಆ ತಂಡಗಳ ಮುಖ್ಯಸ್ಥರಾದ ರೈನ್‌ಹಾರ್ಡ್ ಗೆನ್ಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ನೀವು ಕೇಳಿದ್ದರೆ ಆ ಪ್ರೊಫೆಸರು ಖುಷಿಯಿಂದ ಇದನ್ನೇ ವಿವರಿಸುತ್ತಿದ್ದರು.

ಇನ್ನು ಭಾಷೆಯ ವಿಚಾರ. ಲಂಡನ್ನಿನಲ್ಲಿ ಗ್ರೆಶಮ್ ಕಾಲೇಜು ಅಂತ ಒಂದಿದೆ. ಥಾಮಸ್ ಗ್ರೆಶಮ್ ಎಂಬ ವ್ಯಾಪಾರಿ ಉಯಿಲಿನಲ್ಲಿ ಬಿಟ್ಟುಹೋದ ಆಸ್ತಿಯಿಂದ 1597ರಲ್ಲಿ ಶುರುವಾದದ್ದು. ಏಳು ವಿಷಯಕ್ಕೆ ಏಳು ಪ್ರೊಫೆಸರುಗಳು. ಕೇಳುವವರಿಗೆ ಫೀಸಿಲ್ಲ, ಪರೀಕ್ಷೆ ಇಲ್ಲ. ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ಆದರೆ ಇಲ್ಲಿ ಲ್ಯಾಟಿನ್ನಿನ ಜೊತೆಗೆ ಇಂಗ್ಲಿಷಿನಲ್ಲೂ ಉಪನ್ಯಾಸ ಕೊಡಲೇಬೇಕಿತ್ತು, ಊರಿನ ಜನಕ್ಕೂ ತಿಳಿಯಲಿ ಅಂತ. ಅಂದರೆ ಇವತ್ತು ನಿಮ್ಮನ್ನು ಹೆದರಿಸಿದ ಇಂಗ್ಲಿಷೇ ಅಂದು ಅಂಗಡಿಯವರ, ನಾವಿಕರ ಮಾತಾಗಿತ್ತು! ಅಲ್ಲಿ ಉಪನ್ಯಾಸಗಳು ಈಗಲೂ ನಡೆಯುತ್ತಿವೆ, ಈಗಲೂ ಉಚಿತ.

ನಮ್ಮಲ್ಲೂ ಇದು ಹೊಸದೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರ ಜೊತೆ ಸೇರಿ 1918ರಲ್ಲೇ ಕನ್ನಡದಲ್ಲಿ ವಿಜ್ಞಾನದ ಮಾಸಪತ್ರಿಕೆ ತಂದರು. 1930ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ನಡೆದವು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರುಗಳೇ ಊರುಗಳಿಗೆ ಹೋಗಿ ಜನರ ಮುಂದೆ ಕನ್ನಡದಲ್ಲಿ ಮಾತಾಡಿದರು. ಆ ಮಾತುಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾದವು. ಕುವೆಂಪು ಅವರಂತೂ ಬೋಧನಾಂಗ, ಸಂಶೋಧನಾಂಗದ ಜೊತೆಗೆ ಪ್ರಸಾರಾಂಗವನ್ನೂ, ಅಂದರೆ ತಿಳಿವಳಿಕೆಯನ್ನು ಜನರಿಗೆ ತಲುಪಿಸುವ ವಿಭಾಗವನ್ನೂ, ಯಾವುದೇ ವಿಶ್ವವಿದ್ಯಾನಿಲಯದ ಅಂಗವಾಗಿಯೇ ಎಣಿಸಿದ್ದರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಸೈನ್ಸ್ ಫೋರಂ ಕೂಡ ವಾರ ವಾರ ಸಂಜೆ ಉಚಿತ ಉಪನ್ಯಾಸ ನಡೆಸಿಕೊಂಡು ಬಂತು.

ಹಾಗಾಗಿ ನಿಮ್ಮ ಬೇಸರ ನ್ಯಾಯವಾದದ್ದೇ. ಸಾರ್ವಜನಿಕ ಉಪನ್ಯಾಸ ಅಂತ ಕರೆದಮೇಲೆ ಸಾರ್ವಜನಿಕರ ಭಾಷೆಯಲ್ಲಿ ಮಾತಾಡಬೇಕು. ಸ್ಲೈಡು ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ವಿವರಣೆ ಕನ್ನಡದಲ್ಲಿರಲಿ. ಹೊರಗಿನಿಂದ ಬಂದ ಪ್ರೊಫೆಸರಾದರೆ ಕನ್ನಡ ಬಲ್ಲ ಅಧ್ಯಾಪಕರೊಬ್ಬರು ಪಕ್ಕದಲ್ಲಿ ನಿಂತು ಪ್ರಶ್ನೆಗಳನ್ನು ದಾಟಿಸಬಹುದು. ಇದಕ್ಕೆ ಖರ್ಚಿಲ್ಲ, ಮನಸ್ಸು ಬೇಕು ಅಷ್ಟೆ. ಸರ್ಕಾರಿ ವಿಶ್ವವಿದ್ಯಾನಿಲಯಗಳು ನಡೆಯುವುದು ಜಾಸ್ತಿ ನಮ್ಮ ನಿಮ್ಮ ತೆರಿಗೆ ಹಣದಲ್ಲಿ. ವರ್ಷದಲ್ಲಿ ಕೆಲವು ಸಂಜೆಯಾದರೂ ಅಲ್ಲಿಯ ತಿಳಿವಳಿಕೆ ನಮಗೆ ಅರ್ಥವಾಗುವ ಹಾಗೆ ಸಿಗಲಿ ಅಂತ ಕೇಳುವ ಹಕ್ಕು ನಿಮಗಿದೆ.

ಮತ್ತೆ ಹೋಗಬೇಕಾ ಅಂತ ಯೋಚಿಸುತ್ತಿದ್ದರೆ, ಹೋಗಿ. ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಪ್ರಶ್ನೆಯನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಕನ್ನಡದಲ್ಲೇ ಕೇಳಿ. ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅನ್ನಿ.

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಮುಂದಿನ ಸಂಚಿಕೆಯಿಂದ ಕನ್ನಡದಲ್ಲಿ ನಡೆಯುವ ಉಚಿತ ಉಪನ್ಯಾಸಗಳ ದಿನ, ವೇಳೆ, ಜಾಗವನ್ನು ಪ್ರಕಟಿಸುತ್ತೇವೆ. ಸಂಘಟಕರು ಪ್ರತಿ ತಿಂಗಳ 20ರೊಳಗೆ ವಿವರ ಕಳಿಸಬೇಕು.

– ಸಂಪಾದಕ