ಪೆನ್‌ಡ್ರೈವ್ ತಾನಾಗೇ ಕಾಣಿಸುತ್ತೆ, ಸೆನ್ಸರ್ ಯಾಕೆ ಕಾಣಿಸಲ್ಲ?

ಪ್ರಶ್ನೆ: ನಮ್ಮದು ರೇಷ್ಮೆ ಬೇಸಾಯ. ಹುಳು ಮನೆಯ ಬಿಸಿ, ತೇವ ಎರಡನ್ನೂ ಫೋನಿನಲ್ಲೇ ನೋಡೋಣ ಅಂತ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಂದು, ಬಿಎಂಇ280 ಸೆನ್ಸರನ್ನು ನಾಲ್ಕು ವೈರಿನಲ್ಲಿ ಜೋಡಿಸಿದ್ದೇನೆ. ಪೆನ್‌ಡ್ರೈವ್ ಹಾಕಿದರೆ ತಕ್ಷಣ ಕಾಣಿಸುತ್ತದೆ. ಈ ಸೆನ್ಸರ್ ಇದೆ ಅನ್ನೋ ಸುಳಿವೇ ಇಲ್ಲ. ಸುಟ್ಟುಹೋಗಿರಬಹುದಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಸುಟ್ಟಿರಲಿಕ್ಕಿಲ್ಲ. ಇನ್ನೊಂದು ತರಿಸೋ ಮೊದಲು ಇದನ್ನು ಓದಿ.

ಪೆನ್‌ಡ್ರೈವ್ ಕೂತಿರುವುದು ಯುಎಸ್‌ಬಿ ಮೇಲೆ. ಚುಚ್ಚಿದ ಕೂಡಲೇ ಕರ್ನಲ್ (ಲಿನಕ್ಸಿನ ತಿರುಳು) ‘ಯಾರಪ್ಪ ನೀನು’ ಅಂತ ವಿಚಾರಿಸುತ್ತದೆ, ಅದು ತನ್ನ ಕಂಪನಿ ನಂಬರು, ಮಾಡೆಲ್ ನಂಬರು ಎಲ್ಲ ಒಪ್ಪಿಸುತ್ತದೆ, ಅದಕ್ಕೆ ಹೊಂದುವ ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ಕರ್ನಲ್ ಹುಡುಕಿಕೊಳ್ಳುತ್ತದೆ. ನಿಮ್ಮ ಸೆನ್ಸರ್ ಕೂತಿರುವುದು ಐ2ಸಿ ಬಸ್ ಮೇಲೆ, ಅಂದರೆ ಹಲವು ಚಿಪ್‌ಗಳು ಹಂಚಿಕೊಳ್ಳುವ ವೈರುಗಳ ಮೇಲೆ. ಒಂದೇ ಸಾಧನದ ಒಳಗಿರುವ ಚಿಪ್‌ಗಳು ಮಾತಾಡಿಕೊಳ್ಳಲಿ ಅಂತ ಫಿಲಿಪ್ಸ್ ಕಂಪನಿ 1982ರಲ್ಲಿ ತಂದದ್ದು ಇದು. ಮಾತಿಗೆ ಬೇಕಾದದ್ದು ಡೇಟಾಗೆ ಒಂದು ವೈರು, ಕ್ಲಾಕಿಗೆ ಒಂದು, ಅಷ್ಟೇ (ನಿಮ್ಮ ಉಳಿದೆರಡು ವೈರು ಪವರ್, ಗ್ರೌಂಡ್). ಚಿಪ್‌ಗೆ ಒಂದು ವಿಳಾಸ ಇರುತ್ತದೆ, ಆ ವಿಳಾಸಕ್ಕೆ ಕೂಗಿದರೆ ‘ಹೂಂ’ ಅನ್ನುತ್ತದೆ. ತಾನು ಯಾರು ಅಂತ ಹೇಳೋದಿಲ್ಲ. ಬೋರ್ಡ್ ಮಾಡಿದವನಿಗೆ ಅದರ ಮೇಲೆ ಏನೇನಿದೆ ಅಂತ ಗೊತ್ತೇ ಇರುತ್ತಲ್ವಾ, ಹಾಗಾಗಿ ಕೇಳುವ ಅಗತ್ಯ ಬರಲಿಲ್ಲ. ಇಲ್ಲಿ ಸೆನ್ಸರ್ ಕೂರಿಸಿದವರು ನೀವು. ಕರ್ನಲ್‌ಗೆ ಹೇಳಬೇಕಾದವರೂ ನೀವೇ.

ಹೇಳುವುದು ಡಿವೈಸ್ ಟ್ರೀ ಮೂಲಕ. ಯಾವ ಬಸ್ ಮೇಲೆ ಯಾವ ಚಿಪ್, ಯಾವ ವಿಳಾಸದಲ್ಲಿ ಅಂತ ಬರೆದಿಟ್ಟ ದಾಖಲೆ ಅದು. ಪಹಣಿ ಇದ್ದ ಹಾಗೆ ಅನ್ನಿ: ಸರ್ವೆ ನಂಬರು ಯಾವುದು, ಯಾರ ಹೆಸರಲ್ಲಿದೆ ಅಂತ ಇರುತ್ತದೆ, ಉಳೋದು ಹೇಗೆ ಅಂತ ಇರಲ್ಲ. ಉಳೋದು ಡ್ರೈವರಿನ ಕೆಲಸ. ಹಿಂದೆ ಆರ್ಮ್ (ಪೈ, ಫೋನುಗಳಲ್ಲಿರುವ ಪ್ರೊಸೆಸರ್ ಬಗೆ) ಬೋರ್ಡುಗಳಿಗೆ ಈ ವಿವರವನ್ನೆಲ್ಲ ಬೋರ್ಡಿಗೊಂದು ಸಿ ಭಾಷೆಯ ಫೈಲಿನಂತೆ ಕರ್ನಲ್ ಒಳಗೇ ತುಂಬುತ್ತಿದ್ದರು. ಆ ಗೋಜಲು ನೋಡಿ 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಚೆನ್ನಾಗಿಯೇ ಸಿಡುಕಿದರು, ಆಮೇಲೆ ಆರ್ಮ್ ಕಡೆಯವರು ಒಬ್ಬೊಬ್ಬರಾಗಿ ಡಿವೈಸ್ ಟ್ರೀಗೆ ಬಂದರು.

ನಿಮ್ಮ ಸೆನ್ಸರಿಗೆ ಬೇಕಾದದ್ದು ಮುಖ್ಯವಾಗಿ ಎರಡು ಸಾಲು. ‘ಕಂಪ್ಯಾಟಿಬಲ್’ ಅನ್ನೋ ಕಡೆ ‘ಬಾಷ್,ಬಿಎಂಇ280’, ‘ರೆಗ್’ ಅನ್ನೋ ಕಡೆ ವಿಳಾಸ, ಅಂದರೆ ಹೆಕ್ಸ್ (ಹದಿನಾರರ ಎಣಿಕೆಯಲ್ಲಿ) 76. ಡ್ರೈವರ್ ಹೊಂದಿಸೋದು ಮೊದಲನೆಯದನ್ನು ನೋಡಿ. ಚಿಪ್ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಡ್ರೈವರ್ ಬರಲ್ಲ, ಯಾಕೆ ಬರಲಿಲ್ಲ ಅಂತ ಯಾರೂ ಹೇಳೋದೂ ಇಲ್ಲ. ತಲೆ ಕೆಡಿಸೋದೇ ಈ ಮೌನ.

ಪೈನಲ್ಲಿ ಇದಕ್ಕೆ ರೆಡಿ ಓವರ್‌ಲೇ (ಡಿವೈಸ್ ಟ್ರೀಗೆ ಸೇರಿಸುವ ತುಣುಕು) ಇದೆ, ಕೈಯಾರೆ ಬರೆಯುವ ಕೆಲಸ ಇಲ್ಲ. ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲ್ ತೆರೆದು ಎರಡು ಸಾಲು ಸೇರಿಸಿ: ‘ಡಿಟಿಪ್ಯಾರಂ=ಐ2ಸಿ_ಆರ್ಮ್=ಆನ್’, ಅದರ ಕೆಳಗೆ ‘ಡಿಟಿಓವರ್‌ಲೇ=ಐ2ಸಿ-ಸೆನ್ಸರ್,ಬಿಎಂಇ280’. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು, ನೆನಪಿರಲಿ. ಮೊದಲ ಸಾಲು ಮರೆಯಬೇಡಿ, ಪೈನಲ್ಲಿ ಈ ಬಸ್ ಮೊದಲಿಗೆ ಆಫ್ ಆಗಿರುತ್ತದೆ. ರೀಬೂಟ್ ಮಾಡಿ ಐ2ಸಿ-ಡಿಟೆಕ್ಟ್ ಓಡಿಸಿ, ಯಾವ ಯಾವ ವಿಳಾಸದಲ್ಲಿ ಚಿಪ್ ಇದೆ ಅಂತ ತೋರಿಸುವ ಕಮಾಂಡ್ ಅದು. 76ರ ಜಾಗದಲ್ಲಿ ‘ಯುಯು’ ಬಂದರೆ ಡ್ರೈವರ್ ಚಿಪ್ಪನ್ನು ಹಿಡಿದುಕೊಂಡಿದೆ, ಕೆಲಸ ಆಯಿತು. ಬರೀ 76 ಬಂದರೆ ಚಿಪ್ ಇದೆ, ಡ್ರೈವರ್ ಬಂದಿಲ್ಲ. 77 ಬಂದರೆ ನಿಮ್ಮ ಮಾಡ್ಯೂಲಿನಲ್ಲಿ ವಿಳಾಸ ಆರಿಸುವ ಎಸ್‌ಡಿಒ ಪಿನ್ನನ್ನು ಪವರ್ ಕಡೆ ಕಟ್ಟಿದ್ದಾರೆ ಅಂತ, ಓವರ್‌ಲೇ ಸಾಲಿನ ಕೊನೆಗೆ ಆ ವಿಳಾಸ ಕೊಡಿ. ಏನೂ ಬರಲಿಲ್ಲವಾ? ವೈರು ನೋಡಿ. ಡೇಟಾ 3ನೇ ಪಿನ್ನಿಗೆ, ಕ್ಲಾಕ್ 5ನೇ ಪಿನ್ನಿಗೆ, ಪವರ್ 3.3 ವೋಲ್ಟ್.

ಎಲ್ಲ ಸರಿಯಾದ ಮೇಲೆ ಐಐಒ (ಕರ್ನಲ್ ಸೆನ್ಸರ್ ಅಂಕಿಗಳನ್ನು ತೋರಿಸುವ ಜಾಗ) ಫೋಲ್ಡರಿನಲ್ಲಿ ಬಿಸಿ, ತೇವಕ್ಕೆ ಒಂದೊಂದು ಫೈಲ್ ಸಿಗುತ್ತದೆ. ಬಿಸಿಯ ಫೈಲಿನಲ್ಲಿ 25600 ಅಂತ ಇದ್ದರೆ ಗಾಬರಿ ಬೇಡ, ಅದು 25.6 ಡಿಗ್ರಿ.

ತೇವದ ಫೈಲಿನಿಂದ ಸರಿಯಾದ ಅಂಕಿ ಬರದಿದ್ದರೆ ಕರ್ನಲ್ ಲಾಗಿನಲ್ಲಿ ‘ಬ್ಯಾಡ್ ಚಿಪ್ ಐಡಿ’ ಅನ್ನೋ ಸಾಲು ಇದೆಯಾ ನೋಡಿ. ಬಿಎಂಇ280 ಅಂತ ಹೇಳಿ ಬಿಎಂಪಿ280 ಕೊಟ್ಟುಬಿಡೋರು ಇದ್ದಾರೆ. ಬೋರ್ಡ್ ನೋಡಿದರೆ ಅವಳಿ ಜವಳಿ, ಆದರೆ ಬಿಎಂಪಿಯಲ್ಲಿ ತೇವ ಅಳೆಯುವ ಭಾಗವೇ ಇಲ್ಲ. ಚಿಪ್ಪಿನ ಲೋಹದ ಮುಚ್ಚಳವನ್ನು ಹತ್ತಿರದಿಂದ ನೋಡಿ: ಪೂರ್ತಿ ಚೌಕ, 2.5ಕ್ಕೆ 2.5 ಮಿ.ಮೀ. ಇದ್ದರೆ ಬಿಎಂಇ. ಒಂದು ಕಡೆ 2 ಮಿ.ಮೀ. ಇದ್ದು ಉದ್ದುದ್ದ ಕಂಡರೆ ಬಿಎಂಪಿ. ಒಳಗಿನ ಐಡಿ ಕೂಡ ಬೇರೆ, ಬಿಎಂಇಗೆ ಹೆಕ್ಸ್ 60, ಬಿಎಂಪಿಗೆ ಹೆಕ್ಸ್ 58. ಚಾಕಿ (ಎಳೆಯ) ಹುಳುವಿಗೆ 85–90% ತೇವ ಬೇಕು, ದೊಡ್ಡ ಹುಳುವಿಗೆ 70ರ ಆಸುಪಾಸು. ನಿಮಗೆ ಬೇಕಾದದ್ದೇ ಆ ಅಂಕಿ, ಹಾಗಾಗಿ ಬಿಎಂಪಿ ಬಂದಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡಿ.

ಇನ್ನೊಂದು ಮಾತು, ಪೈಯನ್ನು ಮನೆಯಲ್ಲಿಟ್ಟು ಹುಳು ಮನೆವರೆಗೂ ವೈರು ಎಳೆಯಬೇಡಿ. ಐ2ಸಿ ಉದ್ದದ ವೈರಿಗೆ ಮಾಡಿದ್ದಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೂಡ ಐ2ಸಿ ಅಂತೆ. ಲಿನಕ್ಸ್ ಹಾಕಿದೆ, ಯಾವ ಡಿವೈಸ್ ಟ್ರೀಯನ್ನೂ ಬರೆಯಲಿಲ್ಲ, ಆದರೂ ಓಡುತ್ತಿದೆ. ಹೇಗೆ?
– ಓದುಗರು, ಕೋಲಾರ

ಉತ್ತರ: ನೀವು ಬರೆದಿಲ್ಲ, ಲ್ಯಾಪ್‌ಟಾಪ್ ಮಾಡಿದವರು ಬರೆದಿಟ್ಟಿದ್ದಾರೆ. ಅಲ್ಲಿ ಅಂಥ ಪಟ್ಟಿಯ ಹೆಸರು ಎಸಿಪಿಐ. 2011ರ 5.0 ಆವೃತ್ತಿಯಿಂದ ಐ2ಸಿ, ಎಸ್‌ಪಿಐ (ಚಿಪ್‌ಗಳ ಇನ್ನೊಂದು ಬಸ್) ಸಾಧನಗಳನ್ನೂ ಆ ಪಟ್ಟಿಯಲ್ಲಿ ಬರೆಯಬಹುದು. ಬಯಾಸ್ ಒಳಗಿನ ಪಟ್ಟಿಯಲ್ಲಿ ‘ಪಿಎನ್‌ಪಿ0ಸಿ50’ ಅನ್ನೋ ಗುರುತು, ಜೊತೆಗೆ ಬಸ್, ವಿಳಾಸ ಇರುತ್ತದೆ. ಕರ್ನಲ್ ಅದನ್ನೇ ಓದಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಎಡವಟ್ಟು ಇದ್ದಾಗ ಹೊಸ ಲ್ಯಾಪ್‌ಟಾಪಿನಲ್ಲೂ ಟಚ್‌ಪ್ಯಾಡ್ ಸತ್ತಂತೆ ಬಿದ್ದಿರೋದು ಉಂಟು.

ಪ್ರಶ್ನೆ: ಐ2ಸಿಯಲ್ಲಿ ವಿಳಾಸ ಇರೋದೇ ಏಳು ಬಿಟ್. ಕರ್ನಲ್ಲೇ ಎಲ್ಲ ವಿಳಾಸಕ್ಕೂ ಒಂದೊಂದು ಸಲ ಕೂಗಿ ನೋಡಿದರೆ ಮುಗೀತಲ್ವಾ?
– ವಿದ್ಯಾರ್ಥಿ, ತುಮಕೂರು

ಉತ್ತರ: ಏಳು ಬಿಟ್ ಅಂದರೆ 128, ಮೀಸಲಿಟ್ಟ 16 ಕಳೆದರೆ 112. ಜಗತ್ತಿನಲ್ಲಿರೋ ಐ2ಸಿ ಚಿಪ್‌ಗಳೆಲ್ಲ ಇಷ್ಟರಲ್ಲೇ ಹಂಚಿಕೊಂಡಿವೆ. ಹೆಕ್ಸ್ 68ರಲ್ಲಿ ಯಾರೋ ‘ಹೂಂ’ ಅಂದರು ಅಂದುಕೊಳ್ಳಿ. ಅದು ಸಮಯ ತೋರಿಸುವ ಡಿಎಸ್3231 ಇರಬಹುದು, ಅಲುಗಾಟ ಅಳೆಯುವ ಎಂಪಿಯು6050 ಕೂಡ ಇರಬಹುದು. ಯಾವುದು ಅಂತ ತಿಳಿಯಲು ಒಳಗಿನ ರಿಜಿಸ್ಟರ್ (ಚಿಪ್ಪಿನ ನೆನಪಿನ ಖಾನೆ) ಕೆದಕಬೇಕು, ಕೆಲವು ಚಿಪ್‌ಗಳು ಅಷ್ಟಕ್ಕೇ ಹಾದಿ ತಪ್ಪುತ್ತವೆ. ಐ2ಸಿ-ಡಿಟೆಕ್ಟ್ ಓಡಿಸಿದಾಗ ‘ಡೇಟಾ ಹೋಗಬಹುದು’ ಅಂತ ಎಚ್ಚರಿಸೋದು ಸುಮ್ನೆ ಅಲ್ಲ. ಸ್ವಂತ ಪೈ ಮೇಲೆ ಧೈರ್ಯವಾಗಿ ಓಡಿಸಿ, ಕಾಲೇಜಿನ ಲ್ಯಾಪ್‌ಟಾಪ್ ಮೇಲೆ ಬೇಡ.