ಬೂಟು ಎಳೆದುಕೊಂಡು ನಡೆದರೆ ಕಲೆಯಾಗುತ್ತಾ?

ಪ್ರಶ್ನೆ: ಪ್ಯಾಲೆಸ್ಟೀನ್ ಮೂಲದ ಮೋನಾ ಹತೂಮ್ ಎಂಬ ಕಲಾವಿದೆ ಕಾಲಿಗೆ ಬೂಟು ಕಟ್ಟಿಕೊಂಡು ಬರಿಗಾಲಲ್ಲಿ ನಡೆಯುವ ಫೋಟೊ ನೋಡಿದೆ. ‘ಪರ್ಫಾರ್ಮೆನ್ಸ್ ಆರ್ಟ್’ ಅಂತ ಬರೆದಿತ್ತು. ನಾಟಕವಲ್ಲ, ಕುಣಿತವಲ್ಲ. ಸುಮ್ನೆ ನಡೆದರೆ ಕಲೆ ಹೇಗಾಗುತ್ತದೆ?
— ಓದುಗರು, ಮಾಲೂರು

ಉತ್ತರ: ಮೂವತ್ತು ವರ್ಷದಿಂದ ಕೋಲಾರದಲ್ಲಿ ನಾಟಕ ಆಡಿಸುತ್ತಿದ್ದೇನೆ. ಆ ಫೋಟೊ ಮೊದಲು ನೋಡಿದಾಗ ನನಗೂ ಹೀಗೇ ಅನ್ನಿಸಿತ್ತು. ನಾಟಕದಲ್ಲಿ ನಾವು ಸತ್ತವರಂತೆ ಬೀಳುತ್ತೇವೆ. ಪರದೆ ಬಿದ್ದ ಮೇಲೆ ಎದ್ದು ಟೀ ಕುಡಿಯುತ್ತೇವೆ. ಇಲ್ಲಿ ಆ ‘ಅಂತೆ’ ಇಲ್ಲ. 1985ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ರಸ್ತೆಗಳಲ್ಲಿ ಹತೂಮ್ ನಡೆದೇ ನಡೆದರು. ಪೊಲೀಸರು ಹಾಕುವಂಥ ದಪ್ಪ ಬೂಟಿನ ಲೇಸನ್ನು ಕಣಕಾಲಿಗೆ ಬಿಗಿದುಕೊಂಡಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ಬೂಟೂ ಹಿಂದೆ ಬರುತ್ತಿತ್ತು. ಬರಿಗಾಲನ್ನು ಯಾರೋ ಬಿಡದೆ ಅಟ್ಟಿಸಿಕೊಂಡು ಬಂದ ಹಾಗೆ ಕಾಣುತ್ತದೆ, ಅಲ್ವಾ?

ನನಗೆ ಜಾಸ್ತಿ ತಟ್ಟಿದ್ದು ಪ್ಯಾಲೆಸ್ಟೀನಿನ ಇನ್ನೊಬ್ಬ ಕಲಾವಿದೆ ಎಮಿಲಿ ಜಾಸಿರ್ 2001ರಿಂದ 2003ರವರೆಗೆ ಮಾಡಿದ ಕೆಲಸ. ಊರಿಗೆ ಹೋಗಲಾಗದ ಪ್ಯಾಲೆಸ್ಟೀನಿಯರನ್ನು ಅವರು ಕೇಳಿದರು: ಅಲ್ಲಿ ನಿಮ್ಮ ಪರವಾಗಿ ನಾನು ಏನು ಮಾಡಲಿ? ಜಾಸಿರ್ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇತ್ತು, ಓಡಾಡಲು ಆಗುತ್ತಿತ್ತು. ಒಬ್ಬರು ಅಪ್ಪ ಅಮ್ಮನ ಹಳ್ಳಿಯ ನೀರು ಕುಡಿದು ಬಾ ಅಂದರು. ಇನ್ನೊಬ್ಬರು, ಹೈಫಾದಲ್ಲಿ ಮೊದಲು ಸಿಕ್ಕ ಪ್ಯಾಲೆಸ್ಟೀನ್ ಹುಡುಗನ ಜೊತೆ ಫುಟ್‌ಬಾಲ್ ಆಡು ಅಂದರು. ಬೆತ್ಲೆಹೆಮ್‌ನ ಒಬ್ಬರು ಕೇಳಿದ್ದು ಇಷ್ಟೇ: ಅಮ್ಮನ ಹುಟ್ಟುಹಬ್ಬದ ದಿನ ಜೆರುಸಲೇಮಿನ ಸಮಾಧಿಗೆ ಹೋಗಿ ಹೂವಿಟ್ಟು ಪ್ರಾರ್ಥಿಸು. ಎರಡೂ ಊರಿನ ನಡುವೆ ಹತ್ತು ಕಿಲೋಮೀಟರಿನಷ್ಟು ದೂರ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಇದಕ್ಕಿಂತ ಜಾಸ್ತಿ ಇದೆ. ಆದರೆ ಮಗನಿಗೆ ಇಸ್ರೇಲಿನ ಪರವಾನಗಿ ಸಿಗಲಿಲ್ಲ. ಜಾಸಿರ್ ಹೋಗಿ ಹೂವಿಟ್ಟು ಬಂದರು.

ನನ್ನಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿದ್ದವರು. 1880ರಲ್ಲಿ ಬ್ರಿಟಿಷ್ ಕಂಪನಿ ಕೈಹಾಕಿದ ಗಣಿಗಳು 2001ರಲ್ಲಿ ಮುಚ್ಚಿದವು. ಅಪ್ಪನ ನಂಬರಿದ್ದ ಹಿತ್ತಾಳೆ ಬಿಲ್ಲೆ ಈಗಲೂ ಬೀರುವಿನಲ್ಲಿದೆ, ಅಂಚು ಸವೆದಿದೆ. ಪ್ಯಾಲೆಸ್ಟೀನಿನಲ್ಲಿ ಬ್ರಿಟಿಷರ ಆಳ್ವಿಕೆ ಮುಗಿದು ಇಸ್ರೇಲ್ ಹುಟ್ಟಿದ 1948ರ ಯುದ್ಧದ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಎಷ್ಟೋ ಕುಟುಂಬಗಳು ಆ ಮನೆಯ ಬೀಗದ ಕೈ ಇಂದಿಗೂ ಇಟ್ಟುಕೊಂಡಿವೆ. ಬಿಲ್ಲೆಯನ್ನೂ ಬೀಗದ ಕೈಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಅಪ್ಪ ಬೇಕೆನಿಸಿದಾಗ ಬಸ್ಸು ಹತ್ತಿ ಹೋಗಿ, ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಹತ್ತಿರ ನಿಂತು ಬರುತ್ತಾರೆ. ಯಾರೂ ಕಾಗದ ಕೇಳುವುದಿಲ್ಲ.

ಜಾಸಿರ್ ಅವರದೇ ಇನ್ನೊಂದು ಕೆಲಸ ಇದೆ. 1948ರಲ್ಲಿ ಇಲ್ಲವಾದ 418 ಹಳ್ಳಿಗಳ ಹೆಸರನ್ನು ನಿರಾಶ್ರಿತರ ಡೇರೆಯ ಮೇಲೆ ಕಪ್ಪು ದಾರದಲ್ಲಿ ಹೊಲಿಯುವುದು. ನ್ಯೂಯಾರ್ಕಿನಲ್ಲಿ 140ಕ್ಕೂ ಹೆಚ್ಚು ಜನ ಬಂದು ಕೂತು ಹೊಲಿದರು. ಆ ಹಳ್ಳಿಗಳಿಂದ ಬಂದವರೂ ಅವರಲ್ಲಿದ್ದರು. ಸೂಜಿ ಹಿಡಿದ ಕೈಗೆ ಊರಿನ ಹೆಸರು ಒಂದೊಂದೇ ಅಕ್ಷರವಾಗಿ ಸಿಗುತ್ತದಲ್ಲ, ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಮೊನ್ನೆ ಆ ಹೂವಿನ ವಿಷಯ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಿಂದಿರುಗಿ ಬಂದು ಆ ಮಗನಿಗೆ ಸಮಾಧಿಯ ಫೋಟೊ ತೋರಿಸಿದಳಾ?”